ಗಾಜಕ್ಕ ಮೂಗು ಮುಟ್ಟಿದ ದಿನ

ಮೊದಲು ನನ್ನ ಮಾನ ನಾನೇ ಕಳೆದುಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರದಕ್ಕೆ ಕೈ ಹಾಕಲು ಧೈರ್ಯ ಬರುತ್ತದೆ. ನಾನು ಒಂದು ಕಂಪ್ಯೂಟರ್ ಪರೀಕ್ಷಾ ಕೇಂದ್ರದ ರಿಸೆಪ್ಷನ್ನಿನಲ್ಲಿ ಕೂರುವವನು. ಸಾಫ್ಟ್‌ವೇರ್ ಕಂಪನಿಗಳು ಕೊಡುವ ಸರ್ಟಿಫಿಕೇಟಿಗಾಗಿ ಜನ ನಮ್ಮಲ್ಲಿಗೆ ಬಂದು ಪರೀಕ್ಷೆ ಬರೆಯುತ್ತಾರೆ. ಬರೆಯುತ್ತಾರೆ ಅನ್ನುವುದು ಅಭ್ಯಾಸದ ಮಾತು. ನಿಜವಾಗಿ ನಾಲ್ಕು ಉತ್ತರಗಳಲ್ಲಿ ಒಂದರ ಮೇಲೆ ಮೌಸ್ ಒತ್ತಿ, ತುಟಿ ಕಚ್ಚಿಕೊಂಡು ಮುಂದಕ್ಕೆ ಹೋಗುತ್ತಾರೆ. ಇಂಥ ಪರೀಕ್ಷೆಗಳಲ್ಲಿ ತೀರಾ ಕೆಳಗಿನದೊಂದಿದೆ. ಅದು ಪಾಸಾದರೆ ನಾನು ರಿಸೆಪ್ಷನ್ನಿನ ಕುರ್ಚಿಯಿಂದ ಎದ್ದು ಒಳಗಿನ ಮೇಲ್ವಿಚಾರಕನ ಕುರ್ಚಿಗೆ ಹೋಗಬಹುದು. ಮೂರು ಸಲ ಬರೆದೆ, ಮೂರು ಸಲವೂ ರಿಸೆಪ್ಷನ್ನಿನ ಕುರ್ಚಿಗೇ ವಾಪಸಾದೆ. ಪ್ರಿಂಟರಿನಿಂದ ಬಂದ ಫಲಿತಾಂಶದ ಹಾಳೆಯನ್ನು ಅಭ್ಯರ್ಥಿಯ ಕೈಗೆ ಕೊಡುವುದು ನನ್ನದೇ ಕೆಲಸವಾದ್ದರಿಂದ, ನನ್ನ ಹಾಳೆಯನ್ನು ನಾನೇ ನನಗೆ ಕೊಟ್ಟು, "ಬೇಜಾರು ಮಾಡ್ಕೋಬೇಡಿ ಸರ್, ಮುಂದಿನ ಸಲ ಆಗುತ್ತೆ" ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಮೂರನೆಯ ಸಲ ನನ್ನ ಪಕ್ಕದ ಗೂಡಿನಲ್ಲಿ ಕೂತಿದ್ದವನು ಒಂಬತ್ತು ವರ್ಷದ ಹುಡುಗ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನನಗಿಂತ ಮೊದಲೇ ಮುಗಿಸಿ, ಪಾಸಾಗಿ, ಹೊರಗೆ ಅಪ್ಪನ ಹೆಗಲೇರಿ ಫೋಟೊ ತೆಗೆಸಿಕೊಂಡ. ಇಳಿದ ಮೇಲೆ ನನ್ನ ಹತ್ತಿರ ಬಂದು ಬಹಳ ಕಾಳಜಿಯಿಂದ ಕೇಳಿದ: "ಅಂಕಲ್, ನೀವು ಯಾಕೆ ಫೇಲಾದ್ರಿ? ಓದಿರ್ಲಿಲ್ವಾ?"

ನಾನು ಸೇಡು ತೀರಿಸಿಕೊಂಡೆ. ಅವನು ಮುಂದಿನ ಪರೀಕ್ಷೆಗೆ ಬಂದಾಗ ಅವನ ಬ್ಯಾಗನ್ನು ಎಲ್ಲಕ್ಕಿಂತ ಮೇಲಿನ ಲಾಕರಿನಲ್ಲಿಟ್ಟೆ, ಎಗರಿ ಎಗರಿ ಸುಸ್ತಾಗಲಿ ಎಂದು. ಅವನು ನನ್ನ ಕುರ್ಚಿಯನ್ನೇ ಎಳೆದುಕೊಂಡು ಹೋಗಿ, ಹತ್ತಿ, ಬ್ಯಾಗು ತೆಗೆದುಕೊಂಡು, ಥ್ಯಾಂಕ್ಸ್ ಬೇರೆ ಹೇಳಿ ಹೋದ. ನನ್ನ ಸೇಡಿನ ಯೋಗ್ಯತೆ ಅಷ್ಟೇ. ಸೇಡಿನ ಮೇಲೆ ಕೋಳಿಯ ಹಾಗೆ ಕಾವು ಕೂತು, ಅಲುಗಾಡದೆ, ಹೊತ್ತು ಬಂದಾಗ ಮರಿ ಮಾಡುವುದು ಹೇಗೆ ಅನ್ನುವುದನ್ನು ನಾನು ನೋಡಿದ್ದು ಗಾಜಕ್ಕನಲ್ಲಿ.

ಆ ಹೆಸರು ನಾನಿಟ್ಟದ್ದಲ್ಲ. ನಾನು ಕೆಲಸಕ್ಕೆ ಸೇರುವಾಗಲೇ ಇತ್ತು. ನಮ್ಮ ಕೇಂದ್ರ ಇರುವುದು ಒಬ್ಬ ಹಲ್ಲಿನ ಡಾಕ್ಟರ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಕೆಳಗೆ ಹಲ್ಲು ಕೊರೆಯುವ ಸದ್ದು ಮೇಲೆ ಬಂದು ತಲೆ ಕೊರೆಯಬಾರದೆಂದು ಅಭ್ಯರ್ಥಿಗಳಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಕೊಡುತ್ತೇವೆ. ರಿಸೆಪ್ಷನ್ನಿಗೂ ಪರೀಕ್ಷಾ ಕೊಠಡಿಗೂ ನಡುವೆ ಒಂದು ಕಿರುಕೋಣೆ. ಅದರ ಒಂದು ಗೋಡೆ ಪೂರ್ತಿ ಗಾಜು. ಗಾಜಿನಾಚೆ ಅಭ್ಯರ್ಥಿಗಳ ಗೂಡುಗಳು. ಕೂತವರು ತಲೆಯೆತ್ತಿದರೆ ಎದುರಿಗೆ ಕಾಣುವುದು ಗಾಜು, ಗಾಜಿನ ಹಿಂದೆ ಮೇಲ್ವಿಚಾರಕಿ. ಪ್ರತಿ ಅಭ್ಯರ್ಥಿಯ ನೆತ್ತಿಯ ಮೇಲೂ ಒಂದು ಕ್ಯಾಮೆರಾ ಇದೆ. ಅದರಲ್ಲಿ ಕಾಣುವುದು, ಕೇಳುವುದು ಎಲ್ಲ ಅವಳ ಮೇಜಿನ ಪರದೆಗೂ ಬರುತ್ತದೆ, ನನ್ನ ಮೇಜಿನ ಪರದೆಗೂ ಬರುತ್ತದೆ. ಮೇಲ್ವಿಚಾರಕಿಯ ನೆತ್ತಿಯ ಮೇಲೆ ಮಾತ್ರ ಯಾವ ಕ್ಯಾಮೆರಾವೂ ಇಲ್ಲ. ಕಾವಲಿಗೆ ಕಾವಲು ಯಾಕೆ ಅನ್ನುವುದು ಕಂಪನಿಯ ಉಳಿತಾಯದ ಬುದ್ಧಿ.

ಗಾಜಕ್ಕನಿಗೆ ಮೂವತ್ತರ ಆಸುಪಾಸು, ಮುಖಕ್ಕೆ ದಪ್ಪ ಕನ್ನಡಕ. ಪರೀಕ್ಷೆ ನಡೆಯುವಷ್ಟು ಹೊತ್ತು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತಿದ್ದಳು. ಕೂದಲು ಮುಖಕ್ಕೆ ಬಂದರೂ ಕೈ ಎತ್ತುತ್ತಿರಲಿಲ್ಲ, ಉಫ್ ಎಂದು ಊದುತ್ತಿದ್ದಳು. ನೊಣ ಬಂದು ಕೆನ್ನೆ ಮೇಲೆ ಕೂತರೆ ಹಸುವಿನ ಹಾಗೆ ಚರ್ಮ ನಡುಗಿಸಿ ಓಡಿಸುತ್ತಿದ್ದಳು. "ಏನಕ್ಕ, ಮಿಲಿಟರೀಲಿ ಇದ್ರಾ?" ಎಂದು ನಾನು ಕೇಳಿದ್ದಕ್ಕೆ, "ಸುಮ್ನೆ ಬ್ಯಾಗ್ ಎಣಿಸು ಹೋಗು" ಎಂದಿದ್ದಳು.

ಆಗೊಮ್ಮೆ ಈಗೊಮ್ಮೆ ನಮ್ಮಲ್ಲಿಗೆ ಬಾಲಪ್ರತಿಭೆಗಳು ಬರುತ್ತಾರೆ. ಆರು ವರ್ಷ, ಏಳು ವರ್ಷ. ದೊಡ್ಡವರಿಗೇ ಬೆವರಿಳಿಸುವ ಪರೀಕ್ಷೆಗೆ ಹಾಲುಹಲ್ಲು ಬಿಟ್ಟುಕೊಂಡು ಬಂದು ಕೂರುತ್ತಾರೆ. ಹಿಂದೆ ಅಪ್ಪ, ಅಮ್ಮ, ತರಬೇತಿ ಕೊಟ್ಟ ಗುರು, ಒಬ್ಬ ಫೋಟೊದವನು. ಅಂಥ ದಿನ ನಮ್ಮ ಮ್ಯಾನೇಜರ್ ಟೈ ಕಟ್ಟಿಕೊಂಡು ಬರುತ್ತಾರೆ. ಎಲ್ಲರೂ ಮಗುವಿನ ಜತೆ ಸೆಲ್ಫಿ ತೆಗೆದುಕೊಂಡರೆ ಗಾಜಕ್ಕ ಮಾತ್ರ ಮಂಡಿಯೂರಿ ಕೂತು, "ಬಾತ್‌ರೂಮಿಗೆ ಹೋಗ್ಬಂದ್ಯಾ ಪುಟ್ಟಾ?" ಎಂದು ಕೇಳುತ್ತಿದ್ದಳು. ಕುರ್ಚಿಗೆ ದಿಂಬು ಹಾಕುತ್ತಿದ್ದಳು. ಆಮೇಲೆ ಜತೆಗೆ ಬಂದವರ ಕಡೆ ತಿರುಗಿದರೆ ದನಿಯೇ ಬೇರೆ: "ನೀವೆಲ್ಲ ಹೊರಗೆ. ಗಾಜಿನ ಹತ್ರ ಯಾರೂ ನಿಲ್ಲೋ ಹಾಗಿಲ್ಲ." ಮೊದಲು ರಿಸೆಪ್ಷನ್ನಿನ ಬೆಂಚಿನಲ್ಲಿ ಕೂತವರಿಗೆ ಪರೀಕ್ಷಾ ಕೊಠಡಿ ಓರೆಯಾಗಿ ಕಾಣುತ್ತಿತ್ತಂತೆ. ಅವಳೊಬ್ಬಳೇ ಆ ಬೆಂಚು ಎಳೆದು ಜಾಗ ಬದಲಿಸಿದ್ದಳು. ಈಗ ಅಲ್ಲಿ ಕೂತರೂ, ನನ್ನ ಮೇಜಿನಿಂದ ನೋಡಿದರೂ, ಬಾಗಿಲಿನ ಸಂದಿಯಿಂದ ಗಾಜಕ್ಕನ ಒಂದು ಪಕ್ಕ ಕಾಣುತ್ತದೆ, ಒಳಗಿನ ಮಗು ಕಾಣುವುದಿಲ್ಲ. ಇದೆಲ್ಲ ಯಾಕೆ ಎಂದು ನನಗೆ ಗೊತ್ತಾದದ್ದು ಪ್ರೊಫೆಸರ್ ಬಂದ ದಿನ.

ಪ್ರೊಫೆಸರ್ ಯಾವ ಕಾಲೇಜಿನಲ್ಲೂ ಪಾಠ ಹೇಳಿದವರಲ್ಲ. ಆ ಬಿರುದು ಅವರಿಗೆ ಅವರೇ ಕೊಟ್ಟುಕೊಂಡದ್ದು. ಮಕ್ಕಳಿಗೆ ಸರ್ಟಿಫಿಕೇಟು ಕೊಡಿಸುವ ಅವರ ತರಬೇತಿ ಸಂಸ್ಥೆ ದೊಡ್ಡ ಸರ್ಕಲ್ಲಿನ ಮೂಲೆಯಲ್ಲಿತ್ತು. ಅದರ ಬೋರ್ಡು ನಾನು ದಿನಾ ಬಸ್ಸಿನಿಂದ ನೋಡುತ್ತಿದ್ದದ್ದೇ. ಬೋರ್ಡಿನ ಮೇಲೆ ಮುಂದಿನ ಎರಡು ಹಲ್ಲಿಲ್ಲದ ಒಂದು ಹುಡುಗಿ, ಕತ್ತಿಗೆ ಪದಕ ಹಾಕಿಕೊಂಡು, ಕಂಪ್ಯೂಟರನ್ನು ಗೊಂಬೆಯ ಹಾಗೆ ತಬ್ಬಿಕೊಂಡು ನಗುತ್ತಿದ್ದಳು. ಬಿಸಿಲಿಗೆ ಅವಳ ಮುಖ ನೀಲಿ ಬಣ್ಣಕ್ಕೆ ತಿರುಗಿತ್ತು. 'ನಮ್ಮ ಹೆಮ್ಮೆ' ಎಂದು ಕೆಳಗೆ ಬರೆದಿತ್ತು. ಯಾರ ಹೆಮ್ಮೆ, ಯಾವ ಕಾಲದ್ದು ಎಂದು ನಾನೆಂದೂ ಯೋಚಿಸಿರಲಿಲ್ಲ.

ಅವರು ಬಂದದ್ದು ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿಕೊಂಡು. ಕೈಯಲ್ಲಿ ಬಿಸ್ಕತ್ತಿನ ಡಬ್ಬ. ಇನ್ನೊಂದು ಕೈಯಲ್ಲಿ ಏಳು ವರ್ಷದ ಮೊಮ್ಮಗಳು. ಗಾಜಕ್ಕ ಊಟದ ಡಬ್ಬಿ ತೊಳೆದುಕೊಂಡು ಬರುತ್ತಿದ್ದವಳು ಅಲ್ಲೇ ನಿಂತಳು. ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

"ಏನೇ, ಸೋದರಮಾವನ್ನ ಮರೆತೇಬಿಟ್ಯಾ?" ಎಂದರು ಪ್ರೊಫೆಸರ್. ನಾನು ಕೀಬೋರ್ಡಿನ ಮೇಲೆ ಸುಮ್ಮನೆ ಟಪಟಪ ಅನ್ನಿಸುತ್ತ ಕಿವಿಯನ್ನು ಅಲ್ಲಿಗೇ ಕಳಿಸಿದೆ.

"ಇಲ್ಲ ಮಾವ. ಮರೀತೀನಾ?"

"ಅದು ಮಾತು! ನಾನಿಲ್ದಿದ್ರೆ ನೀನೆಲ್ಲಿ ಇರ್ತಿದ್ದೆ? ಇವತ್ತು ಎಸಿ ರೂಮಲ್ಲಿ ನಿಂತಿದ್ದೀಯ ಅಂದ್ರೆ ಅಡಿಪಾಯ ಯಾರ್ದು?" ಎಂದು ಬೆಂಚಿನ ಮೇಲೆ ಕೂತು, ಮೊಮ್ಮಗಳನ್ನು ಮುಂದಕ್ಕೆ ತಳ್ಳಿದರು. "ನೋಡು, ಇವಳು ನಿನ್ನೇ ಮೀರಿಸ್ತಾಳೆ. ಸ್ಕೂಲು ಬಿಡಿಸಿದ್ದೀನಿ. ಬೆಳಗ್ಗೆಯಿಂದ ಸಂಜೆವರೆಗೂ ಇದೇ."

"ಸ್ಕೂಲು ಬಿಡ್ಸಿದ್ರಾ?"

"ಸ್ಕೂಲೇನು ಎದ್ದು ಓಡಿಹೋಗುತ್ತಾ? ಮರೀ, ತೋರ್ಸು ಆಂಟಿಗೆ."

ಹುಡುಗಿ ಕಾಲು ಜೋಡಿಸಿ ನಿಂತಳು. ಪ್ರೊಫೆಸರ್ ತಮ್ಮ ಬಲಗಿವಿ ಮುಟ್ಟಿಕೊಂಡರು. "ಒಂದು" ಎಂದಳು. ಎಡಗಿವಿ ಮುಟ್ಟಿಕೊಂಡರು. "ಎರಡು." ಮೂಗು. "ಮೂರು." ಗಲ್ಲ. "ನಾಲ್ಕು." ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಮುಂದಿನ ಪ್ರಶ್ನೆ."

"ಯಾರಾದ್ರೂ ನೋಡ್ಬಿಟ್ಟು, ನಿಮ್ಮ ತಾತ ಯಾಕೆ ಮೂಗು ಮುಟ್ಕೊಂಡ್ರು ಅಂತ ಕೇಳಿದ್ರೆ?" ಎಂದರು ಪ್ರೊಫೆಸರ್.

"ಧೂಳು ಸರ್. ಅಲರ್ಜಿ," ಎಂದಳು ಹುಡುಗಿ, ಕಣ್ಣು ಮಿಟುಕಿಸದೆ.

"ಭೇಷ್!"

ನಾನು ಗಾಜಕ್ಕನ ಕೈ ನೋಡಿದೆ. ಅದು ತಾನಾಗಿಯೇ ಬೆನ್ನ ಹಿಂದೆ ಹೋಗಿತ್ತು.

ಆಮೇಲೆ ಪ್ರೊಫೆಸರ್ ಬಂದ ಕೆಲಸಕ್ಕೆ ಬಂದರು. ಸಾಫ್ಟ್‌ವೇರ್ ಕಂಪನಿ ಹೊಸ ನಿಯಮ ಮಾಡಿತ್ತು: ಹತ್ತು ವರ್ಷದೊಳಗಿನ ಮಕ್ಕಳನ್ನು ಪರೀಕ್ಷೆಗೆ ಕೂರಿಸುವ ಗುರು ಸ್ವತಃ ಆ ಪರೀಕ್ಷೆ ಪಾಸಾಗಿರಬೇಕು. ಈ ತಿಂಗಳೊಳಗೆ ಆಗದಿದ್ದರೆ ಸಂಸ್ಥೆಯ ಮಾನ್ಯತೆ ಹೋಗುತ್ತದೆ, ಒಮ್ಮೆ ಫೇಲಾದವರು ಮುಂದಿನ ತಿಂಗಳವರೆಗೆ ಯಾವ ಊರಿನಲ್ಲೂ ಮತ್ತೆ ಕೂರುವ ಹಾಗಿಲ್ಲ. ಇಷ್ಟು ವರ್ಷ ಊರಿನ ಮಕ್ಕಳನ್ನೆಲ್ಲ ಪಾಸು ಮಾಡಿಸಿದ ಪ್ರೊಫೆಸರ್ ತಾವು ಒಮ್ಮೆಯೂ ಕೂತಿರಲಿಲ್ಲ.

"ಈಗ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ, ಹಿಂದುಮುಂದಾಗಿ ಬರುತ್ತಂತೆ," ಎಂದು ದನಿ ತಗ್ಗಿಸಿದರು. "ಬರಲಿ ಬಿಡು. ನಿಂಗೆ ನನ್ನ ಸ್ಕ್ರೀನು ಕಾಣುತ್ತಲ್ಲ. ನೀನು ಗಾಜಿನ ಹಿಂದೆ ನಿಂತಿರು, ಅಷ್ಟೇ. ಹಳೇದೆಲ್ಲ ನೆನಪಿದೆ ತಾನೇ?"

"ನೆನಪಿದೆ ಮಾವ. ಎಲ್ಲಾ ನೆನಪಿದೆ."

"ನನ್ನ ಬಂಗಾರ! ನಂದಾದ ಮೇಲೆ ಇವಳದ್ದು. ಇವಳಿಗೂ ನೀನೇ ನಿಂತ್ಕೋಬೇಕು. ನಾನು ನಿನ್ನ ಮಾವ ಅಂತ ಇಲ್ಲಿ ಯಾರಿಗೂ ಬಾಯಿ ಬಿಡಬೇಡ ಮತ್ತೆ, ಸಂಬಂಧಿಕರಾದ್ರೆ ಬೇರೆಯವರನ್ನ ಹಾಕ್ತಾರೆ." ನನ್ನ ಕಡೆ ತಿರುಗಿ, "ಇವನು?" ಎಂದರು.

"ಇವನಾ? ಇವನಿಗೆ ಏನೂ ತಿಳಿಯಲ್ಲ ಮಾವ. ಮೂರು ಸಲ ಫೇಲು," ಎಂದಳು ಗಾಜಕ್ಕ. ನನ್ನ ದಡ್ಡತನ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಅವರು ಹೋದ ಮೇಲೆ ಬಿಸ್ಕತ್ತಿನ ಡಬ್ಬವನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು. "ತಿನ್ನು." ನಾನು ತಿಂದೆ. ನಾನು ತಿನ್ನುತ್ತಿದ್ದರೆ ಅವಳು ಹೇಳಿದಳು, ನಿಂತೇ ಹೇಳಿದಳು.

ಬೋರ್ಡಿನ ಮೇಲಿನ ಹಲ್ಲಿಲ್ಲದ ಹುಡುಗಿ ಅವಳೇ. ಅಪ್ಪ ಇರಲಿಲ್ಲ, ಅಮ್ಮ ತಮ್ಮನ ಮಾತಿಗೆ ತಲೆ ಆಡಿಸುವವಳು. ಮಾವ ಅವಳನ್ನು ಸ್ಕೂಲು ಬಿಡಿಸಿ ತನ್ನ ಮನೆಯಲ್ಲಿ ಇಟ್ಟುಕೊಂಡರು. ಆಗ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಕ್ರಮ. ಮಾವ ಅದರ ಉತ್ತರಗಳನ್ನು ಎಲ್ಲಿಂದಲೋ ಮೊದಲೇ ತರಿಸಿಕೊಂಡಿದ್ದರು. ಚಿಕ್ಕ ಮಕ್ಕಳಾದರೆ ಪೋಷಕರು ಗಾಜಿನ ಹತ್ತಿರ ನಿಲ್ಲಬಹುದಿತ್ತು. ಮಾವ ನಿಂತರು. ಕಿವಿ, ಮೂಗು, ಗಲ್ಲ. ಏಳು ವರ್ಷದ ಹುಡುಗಿ ಪರದೆ ಓದಲಿಲ್ಲ, ಮಾವನ ಮುಖ ಓದಿದಳು.

"ಆದ್ರೆ ನಾನು ದಡ್ಡಿ ಆಗಿರ್ಲಿಲ್ಲ ಕಣೋ," ಎಂದಳು. "ಅಲ್ಲಿ ಬಿದ್ದಿದ್ದ ಪುಸ್ತಕ ಎಲ್ಲ ಕದ್ದು ಓದ್ತಿದ್ದೆ. ಮಧ್ಯದಲ್ಲಿ ಒಂದು ಪ್ರಶ್ನೆ ನಂಗೆ ಗೊತ್ತಿತ್ತು. ನಿಜವಾಗ್ಲೂ ಗೊತ್ತಿತ್ತು. ಮಾವ ಮೂಗು ಮುಟ್ಕೊಂಡ್ರು, ಅದು ತಪ್ಪು. ನಾನು ಎರಡನೇದು ಒತ್ತಿದೆ. ಮನೆಗೆ ಹೋಗ್ತಾ ಖುಷಿಯಿಂದ ಹೇಳ್ದೆ, ಮಾವ, ನಿಮ್ಮ ಉತ್ತರ ತಪ್ಪಿತ್ತು, ನಾನು ಸರಿ ಮಾಡ್ದೆ ಅಂತ."

"ಆಮೇಲೆ?"

"ಆಮೇಲೆ ಏನು. ಅವರ ಹತ್ರ ಮರದ ಸ್ಕೇಲಿತ್ತು. ಬೆರಳು ಮಡಚೋಕೆ ಆಗ್ತಿರ್ಲಿಲ್ಲ. ಮಾರನೇ ದಿನ ಪೇಪರಿನವರು ಬಂದಾಗ ಆ ಕೈ ಕಾಣಬಾರ್ದು ಅಂತ ಕಂಪ್ಯೂಟರ್ ತಬ್ಬಿಕೊಂಡು ನಿಲ್ಲು ಅಂದ್ರು. ಬೋರ್ಡಲ್ಲಿ ಇದೆಯಲ್ಲ, ಅದೇ ಫೋಟೊ." ಅವಳು ತನ್ನ ಕೈಯನ್ನು ನೋಡಿಕೊಂಡಳು. "ತಪ್ಪಿಗೆ ಏಟು ತಿಂದವರು ಮರೀತಾರೆ. ನಾನು ಸರಿಗೆ ತಿಂದವಳು."

ಹತ್ತು ತುಂಬುತ್ತಿದ್ದಂತೆ ಅವಳು ಬಾಲಪ್ರತಿಭೆಯಾಗಿ ಉಳಿಯಲಿಲ್ಲ. ಅವಳಿಗಿಂತ ಚಿಕ್ಕವನೊಬ್ಬ ಸಿಕ್ಕ. ಕೆಟ್ಟ ಮಾನಿಟರ್ ವಾಪಸ್ ಕಳಿಸುವ ಹಾಗೆ ಮಾವ ಅವಳನ್ನು ಅಮ್ಮನ ಮನೆಗೆ ಕಳಿಸಿದರು. ಸ್ಕೂಲಿನಲ್ಲಿ ತನಗಿಂತ ಚಿಕ್ಕವರ ಜತೆ, ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಗುಣಾಕಾರ ಬರುತ್ತಿರಲಿಲ್ಲ. ಮಕ್ಕಳು ಅವಳನ್ನು 'ವಿಶ್ವದಾಖಲೆ' ಎಂದು ಕರೆದರು. "ಏ ವಿಶ್ವದಾಖಲೆ, ಡಸ್ಟರ್ ತಗೊಂಬಾ." ಓದು ಕುಂಟುತ್ತಲೇ ಹೋಗಿ, ಮುಗಿದು, ಕೊನೆಗೆ ಈ ಗಾಜಿನ ಹಿಂದೆ ಬಂದು ನಿಂತಿತು.

"ಸ್ಕೂಲು ಓಡಿಹೋಗಲ್ಲ ಅಂದ್ರು ನೋಡು," ಎಂದಳು. "ನಂದು ಓಡಿಹೋಯ್ತು. ಹಿಂದೆ ಹಿಂದೆ ಓಡಿ ಓಡಿ ನಾನೇ ಸುಸ್ತಾದೆ. ಈಗ ಆ ಮಗೂದೂ ಹೋಗುತ್ತೆ. ಈ ಮನುಷ್ಯ ಪಾಸಾಗಿಬಿಟ್ರೆ ಹೋಗೇ ಹೋಗುತ್ತೆ."

"ಮ್ಯಾನೇಜರಿಗೆ ಹೇಳೋಣ ಅಕ್ಕ."

"ಹೇಳಿದ್ರೆ? ಬೇರೆ ಮೇಲ್ವಿಚಾರಕರನ್ನ ಹಾಕ್ತಾರೆ. ಮಾವ ಆ ಪರೀಕ್ಷೆ ಬಿಟ್ಟು, ಇನ್ನೊಂದು ಊರಲ್ಲಿ ಇನ್ನೊಬ್ಬರನ್ನ ಹಿಡ್ಕೊಂಡು ಪಾಸಾಗ್ತಾರೆ."

"ಮತ್ತೆ ಏನ್ಮಾಡ್ತೀರಾ?"

"ಅವರು ಏನು ಕೇಳಿದ್ರೋ ಅದನ್ನೇ," ಎಂದು ಡಬ್ಬಿ ಒರೆಸಿ ಒಳಗಿಟ್ಟಳು.

ನಾನು ಆ ರಾತ್ರಿ ನಿದ್ದೆಗೆಟ್ಟೆನೆಂದು ಬರೆದರೆ ಚೆನ್ನಾಗಿರುತ್ತದೆ, ಸುಳ್ಳು. ಬಿಸ್ಕತ್ತು ತಿಂದ ಭಾರಕ್ಕೆ ಚೆನ್ನಾಗಿ ನಿದ್ದೆ ಬಂತು. ಬೆಳಗ್ಗೆ ಬಸ್ಸಿನಿಂದ ಬೋರ್ಡು ನೋಡುವಾಗ ಮಾತ್ರ, ಹುಡುಗಿಯ ಕೈ ನಿಜಕ್ಕೂ ಕಂಪ್ಯೂಟರಿನ ಹಿಂದೆ ಅಡಗಿರುವುದು ಕಾಣಿಸಿತು. ಸ್ಕೇಲು ಅಂದರೆ ನನಗೂ ಗೊತ್ತು. ಅವತ್ತಿನಿಂದ ನನಗೂ ಆ ಮನುಷ್ಯ ಬೇಕಾಯಿತು, ಹಸಿದವನಿಗೆ ಅನ್ನ ಬೇಕಾದ ಹಾಗೆ.

ಪರೀಕ್ಷೆಯ ದಿನ ಪ್ರೊಫೆಸರ್ ಹೊಸ ಕೋಟು ಹಾಕಿಕೊಂಡು ಮೊಮ್ಮಗಳ ಜತೆ ಬಂದರು. ಮೊಮ್ಮಗಳನ್ನು ಬೆಂಚಿನ ಮೇಲೆ ಕೂರಿಸಿ, "ನೋಡಿ ಕಲ್ತ್ಕೋ" ಎಂದರು. ಗಾಜಕ್ಕ ನನಗೆ ಒಂದೇ ಮಾತು ಹೇಳಿದ್ದಳು: "ಒಳಗೆ ಬಿಡೋವಾಗ ನಿಯಮ ಒಂದೂ ಬಿಡಬೇಡ." ಸಾಮಾನ್ಯವಾಗಿ ನಾನು ನಿಯಮದಲ್ಲಿ ಅರ್ಧ ನುಂಗುವವನು. ಅವತ್ತು ಒಂದೂ ನುಂಗಲಿಲ್ಲ.

"ಸರ್, ಕೋಟು ತೆಗೀರಿ. ಜೇಬು ಹೊರಗೆ ಎಳೀರಿ. ಎಲ್ಲ ಜೇಬೂ. ಅದು ಏನು ಸರ್, ಬಾಚಣಿಗೆಯಾ? ಲಾಕರಿಗೆ. ತೋಳು ಮಡಚಿ. ಪ್ಯಾಂಟು ಮೊಣಕಾಲಿನವರೆಗೆ ಎತ್ತಿ. ಸಾಕ್ಸ್ ಇಳಿಸಿ. ಕನ್ನಡಕ ಕೊಡಿ, ಒಳಗೆ ಏನಾದ್ರೂ ಬರ್ಕೊಂಡಿದ್ದೀರಾ ನೋಡ್ಬೇಕು. ಕಿವಿ ಹಿಂದೆ ತೋರ್ಸಿ. ಈ ಕಡೆ. ಆ ಕಡೆ."

"ಏಯ್, ನಾನು ಯಾರು ಗೊತ್ತೇನಯ್ಯ?"

"ಅಭ್ಯರ್ಥಿ ಸರ್," ಎಂದೆ. ಆ ಒಂದು ಮಾತಿಗೆ ನನ್ನ ಮೂರು ಫೇಲೂ ಅಳಿಸಿಹೋದಂತೆ ಅನ್ನಿಸಿತು. ಬೆಂಚಿನ ಮೇಲಿಂದ ಹುಡುಗಿ ತಾತನ ಬಿಳಿ ಬಡಕಲು ಕಾಲುಗಳನ್ನು ಬೆರಗಿನಿಂದ ನೋಡುತ್ತಿದ್ದಳು. ಪಾಪ, ಅವುಗಳನ್ನು ಅವಳು ಹಿಂದೆ ಕಂಡಿರಲಿಕ್ಕಿಲ್ಲ.

ಗಾಜಕ್ಕ ಅವರನ್ನು ಒಳಗೆ ಕರೆದೊಯ್ದು ಕೂರಿಸಿದಳು. ಮಕ್ಕಳಿಗೆ ಹಾಕುವ ದಿಂಬನ್ನು ಅವರ ಕುರ್ಚಿಗೆ ಹಾಕಿ, "ಬಾತ್‌ರೂಮಿಗೆ ಹೋಗ್ಬಂದ್ರಾ?" ಎಂದು ಕೇಳಿದಳು. ಅವರು ಕಣ್ಣು ಹೊಡೆದರು. ಅವಳು ಹೊರಬಂದು ಗಾಜಿನ ಹಿಂದೆ ನಿಂತಳು.

ಮೊದಲನೇ ಪ್ರಶ್ನೆ ಬಂತು. ನನ್ನ ಪರದೆಯಲ್ಲೂ ಕಂಡಿತು. ಪ್ರೊಫೆಸರ್ ಅದನ್ನು ಓದುವ ಗೋಜಿಗೇ ಹೋಗದೆ ತಲೆಯೆತ್ತಿದರು.

ನಾನು ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಗಾಜಕ್ಕನ ಕೈ ಬೆನ್ನ ಹಿಂದಿನಿಂದ ಮುಂದಕ್ಕೆ ಬಂತು. ಮೆಲ್ಲಗೆ, ತುರಿಸಿಕೊಳ್ಳುವವಳ ಹಾಗೆ, ಗಲ್ಲ ಮುಟ್ಟಿಕೊಂಡಳು. ಪ್ರೊಫೆಸರ್ ನಾಲ್ಕನೆಯದನ್ನು ಒತ್ತಿದರು. ಅವಳು ಕನ್ನಡಕ ತೆಗೆದು ಹಾಕಿಕೊಂಡಳು. ಮುಂದಿನ ಪ್ರಶ್ನೆ. ಬಲಗಿವಿ. ಒತ್ತಿದರು. ಕನ್ನಡಕ. ಮತ್ತೆ ಬಲಗಿವಿ. ಒತ್ತಿದರು.

ಸಹಾಯ ಮಾಡುತ್ತಿದ್ದಾಳಲ್ಲ! ರಕ್ತಸಂಬಂಧ ಅಂದರೆ ಕೊನೆಗೆ ಇಷ್ಟೇ ಎಂದುಕೊಂಡೆ. ಆಮೇಲೆ ಅವಳ ಕಣ್ಣು ನೋಡಿದೆ. ಅವಳು ತನ್ನ ಮೇಜಿನ ಪರದೆಯನ್ನು ನೋಡುತ್ತಲೇ ಇರಲಿಲ್ಲ. ಪ್ರಶ್ನೆ ಏನು ಬಂದಿದೆ ಎಂದು ಅವಳಿಗೆ ಗೊತ್ತೂ ಇರಲಿಲ್ಲ. ಎದುರಿಗಿದ್ದ ಆ ಮುಖವನ್ನೇ ನೋಡುತ್ತ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ತುಟಿ ಅಲುಗಿಸುತ್ತ, ಒಂದಾದ ಮೇಲೊಂದು ಮುಟ್ಟಿಕೊಳ್ಳುತ್ತ ಹೋಗುತ್ತಿದ್ದಳು. ಗಲ್ಲ, ಬಲಗಿವಿ, ಬಲಗಿವಿ, ಮೂಗು. ಆಗ ಹೊಳೆಯಿತು: ಅದು ಏಳು ವರ್ಷದವಳಿದ್ದಾಗ ಮಾವ ಅವಳಿಗೆ ಕಲಿಸಿದ್ದ ಪತ್ರಿಕೆ. ಎಂದೋ ಸತ್ತುಹೋದ ಆ ಪತ್ರಿಕೆಯ ಉತ್ತರಗಳನ್ನು, ಅದೇ ಕ್ರಮದಲ್ಲಿ, ಒಂದೂ ಬಿಡದೆ ಅವಳು ಮಾವನಿಗೆ ವಾಪಸ್ ಕೊಡುತ್ತಿದ್ದಳು. ಇಂದಿನ ಪ್ರಶ್ನೆಗಳಿಗೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ!

ಪ್ರೊಫೆಸರ್ ಸಂತೋಷದಿಂದ ಒತ್ತುತ್ತಿದ್ದರು. ಕಾಲು ಕುಣಿಸುತ್ತಿದ್ದರು.

ಅರ್ಧ ದಾಟಿದ ಮೇಲೆ ಒಂದು ಪ್ರಶ್ನೆ ಬಂತು. ಅದಕ್ಕೆ ಇದ್ದದ್ದು ಎರಡೇ ಉತ್ತರ, ಹೌದು ಮತ್ತು ಅಲ್ಲ. ಗಾಜಕ್ಕ ಮೂಗು ಮುಟ್ಟಿಕೊಂಡಳು. ಅಂದರೆ ಮೂರನೆಯದು.

ಪ್ರೊಫೆಸರ್ ಪರದೆ ನೋಡಿದರು. ಗಾಜಕ್ಕನನ್ನು ನೋಡಿದರು. ಅವಳು ಮೂಗನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಅವರು ಮೌಸನ್ನು ಪರದೆಯ ಕೆಳಗಿನ ಅಂಚಿನವರೆಗೂ ಒಯ್ದು ಮೂರನೆಯ ಉತ್ತರ ಅಲ್ಲೆಲ್ಲಾದರೂ ಅವಿತಿದೆಯೇ ಎಂದು ಹುಡುಕಿದರು. ಕನ್ನಡಕ ಒರೆಸಿಕೊಂಡರು. ಮಾನಿಟರಿನ ಹಿಂಭಾಗವನ್ನೂ ಒಮ್ಮೆ ಬಗ್ಗಿ ನೋಡಿದರು. ನಾನು ನಗು ತಡೆಯಲಾರದೆ ಮೇಜಿನ ಕೆಳಗೆ ಬಗ್ಗಿ ಇಲ್ಲದ ಪೆನ್ನನ್ನು ಹುಡುಕಿದೆ. ಆಗಲಾದರೂ ಅವರು ಪ್ರಶ್ನೆ ಓದಬಹುದಿತ್ತು. ಓದಿದರೋ ಏನೋ, ಓದಿ ಏನು ಮಾಡುವುದು? ಹುಟ್ಟಿದಾರಭ್ಯ ಬೇರೆಯವರ ಮಕ್ಕಳ ತಲೆಯಿಂದ ಪರೀಕ್ಷೆ ಬರೆಸಿದವರಿಗೆ ತಮ್ಮ ತಲೆ ಎಲ್ಲಿಟ್ಟಿದ್ದೇವೆ ಎಂಬುದೇ ಮರೆತಿತ್ತು. ಕೈ ಎತ್ತಿದರು. ಗಾಜಕ್ಕ ನಿಯಮದ ಪ್ರಕಾರ ಒಳಗೆ ಹೋದಳು.

"ಏನು ಸಹಾಯ ಬೇಕು ಸರ್?"

"ಮೂರನೇದು ಇಲ್ಲ ಕಣೇ ಇಲ್ಲಿ!" ಎಂದರು ಹಲ್ಲು ಕಚ್ಚಿ.

"ಪ್ರಶ್ನೆಗೆ ಸಂಬಂಧಿಸಿದಂತೆ ನಾವು ಮಾತಾಡೋ ಹಾಗಿಲ್ಲ ಸರ್. ನೆತ್ತಿ ಮೇಲೆ ಕ್ಯಾಮೆರಾ ಇದೆ." ಹೊರಗೆ ಬಂದು ನಿಂತು ಎಡಗಿವಿ ಮುಟ್ಟಿಕೊಂಡಳು. ಅದನ್ನು ಮುಟ್ಟುವಾಗ ಮಾತ್ರ ಅವಳ ಮುಖ ಅರಳಿತು. ಪ್ರೊಫೆಸರ್ ನಿಟ್ಟುಸಿರುಬಿಟ್ಟು ಎರಡನೆಯದನ್ನು ಒತ್ತಿ ಮುಂದಕ್ಕೆ ಹೋದರು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಆ ಹುಲ್ಲುಕಡ್ಡಿಯನ್ನು ಹಿಡಿದಿದ್ದವಳು ಗಾಜಕ್ಕ.

ಮುಗಿಯಿತು. ಪ್ರೊಫೆಸರ್ ಗೆದ್ದವರ ಹಾಗೆ ಹೊರಬಂದು ಕೋಟು ಹಾಕಿಕೊಂಡು ಬಾಚಣಿಗೆ ಕೇಳಿದರು. ನಮ್ಮ ಪ್ರಿಂಟರ್ ಸ್ವಲ್ಪ ಯೋಚಿಸಿ ಕೆಲಸ ಮಾಡುವಂಥದ್ದು. ಅವತ್ತು ತಕ್ಷಣ ಹಾಳೆ ಉಗುಳಿತು. ನಾನು ಅದನ್ನು ಎರಡೂ ಕೈಯಿಂದ ಹಿಡಿದು ಕೊಟ್ಟೆ. ಕೇಂದ್ರದಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ತೆಗೆದವನು ಅಲ್ಲಿಯವರೆಗೆ ನಾನೇ ಆಗಿದ್ದೆ. ಆ ದಾಖಲೆ ಅವರು ಮುರಿದರು.

"ಬೇಜಾರು ಮಾಡ್ಕೋಬೇಡಿ ಸರ್," ಎಂದೆ. "ಮುಂದಿನ ಸಲ ಆಗುತ್ತೆ."

ಪ್ರೊಫೆಸರ್ ಹಾಳೆಯನ್ನು ನೋಡಿದರು, ತಿರುಗಿಸಿ ಖಾಲಿ ಬೆನ್ನನ್ನೂ ನೋಡಿದರು. ಮುಖ ಕೆಂಪೇರಿ, ಕಪ್ಪೇರಿ, ಬೂದಿಯಾಯಿತು. "ಏಯ್! ಬಾರೇ ಇಲ್ಲಿ!" ಎಂಬ ಕೂಗಿಗೆ ಮ್ಯಾನೇಜರ್ ತಮ್ಮ ಕೋಣೆಯಿಂದ ಓಡಿ ಬಂದರು.

"ಏನಾಯ್ತು ಸರ್?"

"ಇವಳು ನಂಗೆ ಬೇಕಂತ್ಲೇ ತಪ್ಪು ತಪ್ಪು..." ಎಂದು ಪ್ರೊಫೆಸರ್ ಗಾಜಕ್ಕನ ಕಡೆ ಬೆರಳು ತೋರಿಸಿದರು.

"ತಪ್ಪು ಏನು ಸರ್?"

"ತಪ್ಪು... ತಪ್ಪು ಕುರ್ಚಿ ಕೊಟ್ಳು."

"ದಿಂಬು ಹಾಕಿದ್ದೆ ಸರ್," ಎಂದಳು ಗಾಜಕ್ಕ.

"ಸುಮ್ನಿರೇ! ಇವಳು ಅಲ್ಲಿ ನಿಂತ್ಕೊಂಡು ಕಿವಿ ಮುಟ್ಕೊಳ್ಳೋದು, ಮೂಗು ಮುಟ್ಕೊಳ್ಳೋದು..."

"ಅದಕ್ಕೆ?" ಎಂದರು ಮ್ಯಾನೇಜರ್. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಅದಕ್ಕೆ ಏನು ಎಂದು ಪ್ರೊಫೆಸರ್ ಹೇಳುವ ಹಾಗಿರಲಿಲ್ಲ. ಹೇಳಿದರೆ ಈ ಹಾಳೆಯ ಜತೆ ಇಷ್ಟು ವರ್ಷದ ಎಲ್ಲ ಹಾಳೆಗಳೂ 'ನಮ್ಮ ಹೆಮ್ಮೆ'ಯೂ ಬೀದಿಗೆ ಬರುತ್ತಿದ್ದವು. ಆದರೆ ಕೋಪ ಬುದ್ಧಿಯನ್ನು ಕೇಳಿ ಬರುವುದಿಲ್ಲ. ಬೆಂಚಿನ ಮೇಲಿದ್ದ ಮೊಮ್ಮಗಳ ರಟ್ಟೆ ಹಿಡಿದು ಮ್ಯಾನೇಜರ್ ಮುಂದೆ ನಿಲ್ಲಿಸಿದರು.

"ಈ ಮಗು ನೋಡಿದೆ, ಕೇಳಿ! ಮಗು ಸುಳ್ಳು ಹೇಳಲ್ಲ. ಹೇಳು ಮರೀ, ಆಂಟಿ ಮೂಗು ಮುಟ್ಕೊಂಡ್ರಾ ಇಲ್ವಾ? ಯಾಕೆ ಮುಟ್ಕೊಂಡ್ರು, ಹೇಳು!"

ಬಾಗಿಲಿನ ಸಂದಿಯಿಂದ ಹುಡುಗಿ ಎಲ್ಲವನ್ನೂ ನೋಡಿದ್ದಳು, ಆ ಲಿಪಿಯನ್ನು ಈ ಊರಿನಲ್ಲಿ ಓದಬಲ್ಲವಳು ಇನ್ನು ಅವಳೊಬ್ಬಳೇ. ಅವಳು ತಾತನ ಮುಖ ನೋಡಿದಳು. ಗಾಜಕ್ಕನ ಕೈ ನೋಡಿದಳು. ಅದು ಮತ್ತೆ ಬೆನ್ನ ಹಿಂದಿತ್ತು. ಆಮೇಲೆ ಕಾಲು ಜೋಡಿಸಿ, ಕಣ್ಣು ಮಿಟುಕಿಸದೆ, ಕಲಿಸಿದ್ದನ್ನು ಕಲಿಸಿದ ಹಾಗೆಯೇ ಒಪ್ಪಿಸಿದಳು:

"ಧೂಳು ಸರ್. ಅಲರ್ಜಿ."

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಎಸಿ ಫಿಲ್ಟರ್ ಕ್ಲೀನ್ ಮಾಡ್ಸು ಅಂತ ಎಷ್ಟು ಸಲ ಹೇಳ್ಬೇಕಯ್ಯ ನಿಂಗೆ? ನೋಡು, ಕಸ್ಟಮರ್ ಮುಂದೆ ಮರ್ಯಾದೆ ಹೋಗ್ತಿದೆ!" ಎಂದು ಬೈದು, ಪ್ರೊಫೆಸರ್ ಕೈ ಕುಲುಕಿ, ಒಳಗೆ ಹೋದರು.

ಗಾಜಕ್ಕ ಮಾವನ ಹತ್ತಿರ ಹೋದಳು. ದನಿ ಎತ್ತಲಿಲ್ಲ.

"ಅದು ನಿಮ್ದೇ ಪತ್ರಿಕೆ ಮಾವ. ನೀವು ಕೊಟ್ಟಿದ್ದೇ. ಒಂದೂ ಮರ್ತಿಲ್ಲ ನಾನು. ಮಧ್ಯ ಒಂದು ಕಡೆ ಮಾತ್ರ ನಂದು ಕೊಟ್ಟೆ, ಎಡಗಿವಿ. ಅವತ್ತೂ ಅದೇ ಸರಿ ಇತ್ತು."

ಪ್ರೊಫೆಸರ್ ಅವಳ ಬೆರಳುಗಳನ್ನು ನೋಡಿದರು. ನೆನಪಾಯಿತೋ ಇಲ್ಲವೋ ಗೊತ್ತಿಲ್ಲ. ಹೊಡೆದವರಿಗೆ ನೆನಪಿರುವುದಿಲ್ಲ ಎನ್ನುತ್ತಾರೆ. ಮೊಮ್ಮಗಳ ಕೈ ಹಿಡಿಯುವುದನ್ನೂ ಮರೆತು ಮೆಟ್ಟಿಲಿಳಿದರು. ಹುಡುಗಿ ಹಿಂದಿನಿಂದ ಓಡಿದವಳು ಬಾಗಿಲಲ್ಲಿ ನಿಂತು, "ಆಂಟಿ, ನಂಗೆ ಪರೀಕ್ಷೆ ಇಲ್ವಾ ಹಾಗಾದ್ರೆ?" ಎಂದು ಕೇಳಿದಳು.

"ಇದೆ. ಸ್ಕೂಲಲ್ಲಿ," ಎಂದಳು ಗಾಜಕ್ಕ.

ತಿಂಗಳು ಮುಗಿಯಿತು; ಮಾನ್ಯತೆ ಹೋಯಿತು. ಹುಡುಗಿಯ ಅಮ್ಮ, ಪ್ರೊಫೆಸರ್ ಸೊಸೆ, ಮಾವನ ಬಾಯಿ ಮುಚ್ಚಿದ್ದೇ ತಡ ಮಗಳನ್ನು ಮತ್ತೆ ಸ್ಕೂಲಿಗೆ ಸೇರಿಸಿದಳಂತೆ. ಗಾಜಕ್ಕನಿಗೆ ತನ್ನ ಅಮ್ಮನಿಂದ ಫೋನ್ ಬಂತು. ಅತ್ತ ಕಡೆಯ ಅಳು ನನ್ನ ಮೇಜಿನವರೆಗೂ ಕೇಳಿಸುತ್ತಿತ್ತು. "ಅವನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ. ವಯಸ್ಸಾದವನು ಕಣೇ, ಪಾಪ."

"ನಂಗೂ ಏಳು ವಯಸ್ಸಾಗಿತ್ತಮ್ಮ," ಎಂದು ಫೋನ್ ಇಟ್ಟಳು. ಕ್ಷಮಿಸು ಎಂದು ಯಾರೂ ಅವಳಿಗೆ ಹೇಳಲಿಲ್ಲ, ಕ್ಷಮಿಸಿದೆ ಎಂದು ಅವಳೂ ಯಾರಿಗೂ ಹೇಳಲಿಲ್ಲ. ಬೋರ್ಡು ಇಳಿಸುವ ದಿನ ಅರ್ಧ ದಿನ ರಜೆ ಹಾಕಿ ಸರ್ಕಲ್ಲಿಗೆ ಹೋಗಿ ಎದುರಿನ ಫುಟ್‌ಪಾತಿನ ಮೇಲೆ ನಿಂತಿದ್ದಳು. ನಾನೂ ಹೋಗಿದ್ದೆ. ಕೆಲಸದವರು ಹಗ್ಗ ಕಟ್ಟಿ ಇಳಿಸುವಾಗ ಬೋರ್ಡು ಓರೆಯಾಗಿ, ನೀಲಿ ಹುಡುಗಿ ಮೊದಲು ಮಲಗಿ, ಆಮೇಲೆ ತಲೆಕೆಳಗಾದಳು. "ತಗೊಂಡು ಹೋಗೋಣ್ವಾ ಅಕ್ಕ?" ಎಂದೆ. "ಏನಕ್ಕೆ? ಗುಜರಿಗೆ ಹೋಗ್ಲಿ," ಎಂದಳು. ಗುಜರಿಯವನ ಗಾಡಿ ತಿರುವು ದಾಟುವವರೆಗೂ ನೋಡಿ, ಆಮೇಲೆ ಕಾಫಿ ಕೊಡಿಸಿದಳು. ಅಷ್ಟು ರುಚಿಯಾಗಿ ಯಾರಾದರೂ ಕಾಫಿ ಕುಡಿದದ್ದನ್ನು ನಾನು ಕಂಡಿಲ್ಲ.

ಹೋದ ವಾರ ನಾನು ನಾಲ್ಕನೆಯ ಸಲ ಪರೀಕ್ಷೆಗೆ ಕೂತೆ. ಮೊದಲ ಪ್ರಶ್ನೆಯೇ ಗೊತ್ತಿರಲಿಲ್ಲ. ತಲೆಯೆತ್ತಿ ಗಾಜಿನ ಕಡೆ ನೋಡಿದೆ. ಸಹೋದ್ಯೋಗಿ, ಅವಳು ಕೊಟ್ಟ ಡಬ್ಬದ ಬಿಸ್ಕತ್ತು ತಿಂದವನು; ಒಂದು ಕಿವಿಯಾದರೂ ಮುಟ್ಟಿಕೊಳ್ಳಬಾರದೇ ಎಂದು ದೀನನಾಗಿ ನೋಡಿದೆ.

ಗಾಜಕ್ಕನ ಎರಡೂ ಕೈ ಬೆನ್ನ ಹಿಂದಿದ್ದವು. ಕೂದಲು ಮುಖಕ್ಕೆ ಬಿದ್ದಿತ್ತು. ಉಫ್ ಎಂದು ಊದಿದಳು.